ಹನ್ನೆರಡನೆಯ ತುಂಡು ಬಟ್ಟೆ

ಮಾರ್ಚ್ 3

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ನೆಟ್ಟಗೆ ಶುರುವಾಗಿ ಕೊನೆಯ ಹೊತ್ತಿಗೆ ಇಳಿಜಾರು ಹಿಡಿಯುತ್ತದೆ. ಕಾಗುಣಿತವೂ ಅಷ್ಟೇ. ನಾಲ್ಕನೇ ತರಗತಿಯಲ್ಲಿದ್ದಾಗ ಸೊಂಟದ ಮೂಳೆಗೆ ಕ್ಷಯ ತಗುಲಿ ಎರಡು ವರ್ಷ ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ಪ್ಲಾಸ್ಟರಿನೊಳಗೆ ಮಲಗಿದ್ದೆ. ಎದ್ದು ಬಂದಾಗ ಚಿಕ್ಕ ಮಕ್ಕಳ ಪಕ್ಕ ಕೂರುವುದಕ್ಕೆ ನಾಚಿಕೆಯಾಯಿತು. ಮತ್ತೆ ಶಾಲೆಗೆ ಹೋಗಲಿಲ್ಲ. ಇದನ್ನು ಯಾರೂ ಓದುವವರಿಲ್ಲ, ಗೊತ್ತು. ಆದರೆ ಈ ಪುಸ್ತಕ ಎರ್ನಾಝಾರ್ ಅಣ್ಣ ತಂದುಕೊಟ್ಟದ್ದು. 'ಬರೀ ಕೆನ್ಜೆ, ನಿನ್ನ ತಲೇಲಿರೋದೆಲ್ಲ ಇದಕ್ಕೆ ಸುರಿ' ಅಂದಿದ್ದ. ಅವನ ಮುಂದೆ ಕೆಟ್ಟದಾಗಿ ಬರೆದ ಹಾಗೆ ಅನ್ನಿಸುತ್ತದೆ.

ಅವನು ತೀರಿಕೊಂಡ ನಲವತ್ತನೆಯ ದಿನ ಮುಗಿದು ಐದು ದಿನವಾಯಿತು. ಜನವರಿಯಲ್ಲಿ ದೊಲೋನ್ ಘಟ್ಟದಲ್ಲಿ ಅವನು ಓಡಿಸುತ್ತಿದ್ದ ಲಾರಿ ಹಿಮದ ಮೇಲೆ ಜಾರಿತು.

ಇಲ್ಲಿ ಮಾತ್ರ ಹೇಳಬಹುದಾದದ್ದು ಒಂದಿದೆ. ಅಂಗಳದಲ್ಲಿ ನೆಟ್ಟ ಶೋಕದ ಗುಡಾರದಲ್ಲಿ ಅಪಾ, ನಮ್ಮಮ್ಮ, ಮೂರು ದಿನ ಹಾಡಿದಳಲ್ಲ, ಆ ಅಳುಹಾಡಿನ ಮಾತುಗಳು ನನ್ನವು. ಅಪಾ ಕಂಬಳಿಗೋಡೆಗೆ ಮುಖ ಮಾಡಿ ಸೊಂಟದ ಮೇಲೆ ಕೈಯಿಟ್ಟು ಕೂತಿದ್ದಳು. ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಹಿಂದೆ ಕೂತಿದ್ದ ನಾನು ಬೆನ್ನಿಗೆ ಕೈಯಿಟ್ಟು ಒಂದೊಂದೇ ಸಾಲು ಪಿಸುಗುಟ್ಟಿದೆ. ಲಾರಿಯ ಸೀಟಿನ ಮೇಲೆ ಹಾಸುತ್ತಿದ್ದ ಕುರಿಚರ್ಮ ಮಾತ್ರ ಮನೆಗೆ ಬಂದಿತ್ತು. ಅದನ್ನು ನಾನು ಹಾಡಿನಲ್ಲಿ ಕುದುರೆಯ ಜೀನು ಅಂದೆ.

ನನ್ನ ಮರಿಗುದುರೆಯೇ, ಜೀನು ಮನೆಗೆ ಬಂತು,
ನೀನಿನ್ನೂ ಯಾವ ಹಿಮದಲ್ಲಿ ಮೇಯುತ್ತಿದ್ದೀ?

ಹೊರಗೆ ಕೋಲೂರಿ ನಿಂತಿದ್ದ ಗಂಡಸರು ಕೂಡ ಗೋಳೋ ಅಂದರು.

ನಮ್ಮ ಮನೆ ಬಿಟ್ಟು ಹನ್ನೊಂದು ಮನೆಗಳಿಗೆ ಹೀಗೆ ಮಾತು ಕೊಟ್ಟಿದ್ದೇನೆ. ಕೊಟ್ಟವರು ಹೊಸಿಲು ದಾಟಿದ ಮೇಲೆ ಮರೆಯಬೇಕು, ಪಡೆದವರು ಯಾರಿಂದ ಅಂತ ಹೇಳಬಾರದು. ಅತ್ತವರದೇ ಹಾಡು. ಆಮೇಲೆ ಒಂದು ತುಂಡು ಬಟ್ಟೆ ಬರುತ್ತದೆ, ಸದ್ದಿಲ್ಲದೆ, ಬಾಗಿಲ ಹಿಡಿಗೆ ಕಟ್ಟಿರುತ್ತದೆ. ಹನ್ನೊಂದು ತುಂಡುಗಳನ್ನೂ ಸೇರಿಸಿ ಕೌದಿ ಹೊಲಿಯುತ್ತಿದ್ದೇನೆ. ಯಾವುದು ಯಾರ ಮನೆಯದೆಂದು ಅಪಾಗೂ ಹೇಳಿಲ್ಲ. ಹೇಳದೆ ಇರುವುದರಲ್ಲೇ ಒಂದು ಸುಖವಿದೆ.

ಮಾರ್ಚ್ 12

ಅಂಗಡಿಗೆ ಉಪ್ಪು ತರಲು ಹೋಗಿದ್ದೆ. ಮೂವರು ಹುಡುಗರು ಒಂದು ಫೋನಿಗೆ ತಲೆ ಕೂಡಿಸಿ ನಗುತ್ತಿದ್ದರು. ಕುದುರೆಯಾಟದ ವಿಡಿಯೋ. ಸವಾರ ಮಗುಚಿ ಕೆಸರಿಗೆ ಬೀಳುತ್ತಾನೆ, ಖಾಲಿ ಕುದುರೆ ಓಡುತ್ತದೆ, ಆಗ ಢಬಢಬ ತಾಳದ ಮೇಲೆ ಅಪಾಳ ಧ್ವನಿ: ಜೀನು ಮನೆಗೆ ಬಂತು, ಜೀನು, ಜೀನು, ಜೀನು ಮನೆಗೆ ಬಂತು.

ಅಂಗಡಿಯ ಝೀದೆಗುಲ್ ಅಕ್ಕ, ಊರಿಗೆಲ್ಲ ಎಜೆ, ನನ್ನ ಮುಖ ನೋಡಿ ಹುಡುಗರಿಗೆ ಗದರಿದರು. 'ಆರಿಸ್ರೋ ಅದನ್ನ! ಯಾರ ಮನೇದು ಅಂತ ಗೊತ್ತಿಲ್ವೇನ್ರೋ?'

'ನಾವೇನ್ ಮಾಡಿದ್ದಲ್ಲ ಎಜೆ, ಎಲ್ಲರೂ ಹಾಕ್ತಿದ್ದಾರೆ' ಅಂದ ಒಬ್ಬ.

ಉಪ್ಪು ತರದೆ ಬಂದೆ.

ಮಾರ್ಚ್ 14

ಆ ಹುಡುಗಿ. ಶೋಕದ ಗುಡಾರಕ್ಕೆ ಎರಡನೆಯ ದಿನ ಬಿಳಿ ಶಾಲು ಹೊದ್ದು ಬಂದಿದ್ದಳು. ಹಳೆಯ ಹಾಡು ಸಂಗ್ರಹಿಸುತ್ತೇನೆ ಅಂದಳು, ಅತ್ತಳು ಕೂಡ. ಫೋನು ಶಾಲಿನೊಳಗಿತ್ತು. ನಾನೇ ಅವಳಿಗೆ ಚಹಾ ಬಗ್ಗಿಸಿದ್ದೆ. ರಾಜಧಾನಿ ಬಿಷ್ಕೆಕ್‌ನ ಒಂದು ಧ್ವನಿಮುದ್ರಣ ಕಂಪನಿಗೆ ಕೆಲಸ ಮಾಡುತ್ತಾಳಂತೆ.

ಮಾರ್ಚ್ 21

ನೂರೂಝ್ ಹಬ್ಬ. ನಮ್ಮ ಮನೆಗೆ ಈ ವರ್ಷ ಇಲ್ಲ. ನಾನೊಂದು ತಪ್ಪು ಮಾಡಿದ್ದೇನೆ.

ಜನ ಪೂರ್ತಿ ಹಾಡನ್ನು ಕೇಳಿದರೆ ನಗುವುದಿಲ್ಲ ಅನ್ನಿಸಿತು. ನನ್ನ ಬಳಿ ಅಣ್ಣನ ಫೋನಿದೆ, ಗಾಜು ಒಡೆದದ್ದು. ಗುಡಾರದಲ್ಲಿ ಅಪಾ ಹಾಡಿದ್ದನ್ನು ನೆಂಟನೊಬ್ಬ ಅದರಲ್ಲೇ ಹಿಡಿದಿದ್ದ. ಅದನ್ನು ಅಣ್ಣನ ವಿಡಿಯೋ ಪುಟಕ್ಕೆ ಹಾಕಿ, 'ಇದು ಎರ್ನಾಝಾರನ ತಾಯಿ, ದಯವಿಟ್ಟು ನಗಬೇಡಿ' ಅಂತ ಬರೆದೆ. ಒಂದು ಗಂಟೆಯಲ್ಲಿ ತೆಗೆದರು. ಹಕ್ಕುದಾರರ ದೂರು ಅಂತ ಬಂತು. ನನಗೆ ಅರ್ಥವಾಗಲಿಲ್ಲ, ಮತ್ತೆ ಹಾಕಿದೆ. ಮತ್ತೆ ತೆಗೆದರು. ಮೂರನೆಯ ಸಲ ಪುಟವನ್ನೇ ಮುಚ್ಚಿದರು.

ಆ ಪುಟದಲ್ಲಿ ಅಣ್ಣ ದಾರಿಯುದ್ದಕ್ಕೂ ಮಾತಾಡಿದ ಅರವತ್ತನಾಲ್ಕು ವಿಡಿಯೋಗಳಿದ್ದವು. ಫೋನಿನಲ್ಲಿ ಜಾಗವಿಲ್ಲವೆಂದು ಪುಟಕ್ಕೆ ಹಾಕಿದ ಮೇಲೆ ಫೋನಿನಿಂದ ಅಳಿಸುತ್ತಿದ್ದ. ಒಂದರಲ್ಲಿ ದಾರಿಗೆ ಅಡ್ಡವಾಗಿ ನರಿ ಬರುತ್ತದೆ. 'ಕೆನ್ಜೆ, ಏ ಕೆನ್ಜೆ, ನೋಡೇ ನಿನ್ನ ನರಿ!' ಅಂತ ಕೂಗುತ್ತಾನೆ. ಅವನು ನನ್ನ ಹೆಸರು ಕರೆಯುವುದು ಲೋಕದಲ್ಲಿ ಅಲ್ಲೊಂದೇ ಕಡೆ ಉಳಿದಿತ್ತು. ತೊಂಬತ್ತು ದಿನದಲ್ಲಿ ಹಾಡಿನ ಹಕ್ಕು ತೋರಿಸದಿದ್ದರೆ ಪುಟವನ್ನು ಪೂರ್ತಿ ಅಳಿಸುತ್ತಾರಂತೆ. ಜೂನ್ ಹತ್ತೊಂಬತ್ತಕ್ಕೆ.

ಅಪಾಗೆ ಹೇಳಿಲ್ಲ.

ಮಾರ್ಚ್ 22

ಹೇಳಿದೆ. ಅಪಾ ಹಿಟ್ಟು ನಾದುತ್ತಿದ್ದವಳು ನಾದುತ್ತಲೇ ಇದ್ದಳು.

ಏಪ್ರಿಲ್ 6

ಬಿಷ್ಕೆಕ್‌ನಿಂದ ಚೋಲ್ಪೋನ್ ಎಂಬ ವಕೀಲೆ ಬಂದಿದ್ದಳು. ನಮ್ಮ ಸುದ್ದಿ ಊರಿನ ಗ್ರಂಥಾಲಯದವರಿಂದ ಗೊತ್ತಾಯಿತಂತೆ. ನನಗಿಂತ ಐದಾರು ವರ್ಷ ದೊಡ್ಡವಳು. ಬೂಟಿನ ತುಂಬ ಕೆಸರು. ಅಪಾ ಕರಿದ ಬೋರ್ಸೋಕ್ ಮುಂದಿಟ್ಟಳು. ಅವಳು ತಿನ್ನುತ್ತ ಹೇಳಿದಳು, ನಾನು ಬಾಗಿಲ ಹತ್ತಿರ ಕೂತು ಕೇಳಿದೆ.

'ಈಗಿರೋ ಕೃತಿಸ್ವಾಮ್ಯದ ಕಾನೂನು ಕ್ಯಾಸೆಟ್ ಕಾಲದ್ದು ಎಜೆ. ಹೊಸದು ಬರೀತಿದ್ದಾರೆ. ಬರೆಯೋ ಮೇಜಿನ ಸುತ್ತ ಕೂತಿರೋರು ಕಂಪನಿಯೋರು, ಅವರ ವಕೀಲರು. ಕಟ್ಟಿದೋರು ಯಾರು ಅಂತ ಗೊತ್ತಿಲ್ಲದ ಹಾಡಿದ್ರೆ, ಮೊದಲು ಮುದ್ರಿಸಿ ನೋಂದಾಯಿಸಿದೋರಿಗೇ ಅದರ ಹಕ್ಕು ಅಂತ ಒಂದು ಸಾಲು ಸೇರಿಸಿದ್ದಾರೆ. ಆ ಸಾಲು ಹೋಗ್ಬೇಕು ಅಂತ ನಾವು ಒಂದಷ್ಟು ಜನ ಗುದ್ದಾಡ್ತಿದ್ದೀವಿ.'

'ನಮ್ಮ ಹುಡುಗನ ಪುಟ?' ಅಂದಳು ಅಪಾ.

'ಕಂಪನಿ ನಿಮ್ಮ ಹಾಡನ್ನ ಹಾಗೇ ಬರೆಸಿದೆ. ಹಳೇ ಹಾಡು, ಕಟ್ಟಿದೋರು ತಿಳಿದಿಲ್ಲ ಅಂತ. ಕಟ್ಟಿದೋರು ಬದುಕಿದ್ದಾರೆ ಅಂತ ತೋರಿಸಿದ್ರೆ ಅವರ ದೂರು ಬಿದ್ದುಹೋಗುತ್ತೆ, ಪುಟ ವಾಪಸ್ ಬರುತ್ತೆ. ಮೇ ತಿಂಗಳಲ್ಲಿ ಸಂಸತ್ತಿನ ಸಮಿತಿ ಜನರ ಮಾತು ಕೇಳುತ್ತೆ. ನೀವು ಬಂದು ಅಲ್ಲಿ ಹೇಳ್ಬೇಕು. ಯಾರು ಎಜೆ ಕಟ್ಟಿದ್ದು? ನೀವೇ ತಾನೆ?'

ನನ್ನ ಕಿವಿ ಬಿಸಿಯಾಯಿತು. ಅಪಾ ನನ್ನ ಕಡೆ ನೋಡದೆ, 'ಹಿಂದಿನೋರದ್ದಮ್ಮ' ಅಂದಳು.

'ಅಯ್ಯೋ, ಅಲ್ಲಿ ಹಾಗನ್ಬೇಡಿ!'

'ಅಳುಹಾಡು ನಂದು ಅಂದ್ರೆ ಸಾವು ನಂದು ಅಂದ ಹಾಗೆ. ಹಾಗಂದ ಮನೆಗೆ ಸಾವು ಇನ್ನೊಂದು ಸಲ ಬರುತ್ತೆ' ಅಂತ ಅಪಾ ಅವಳ ಬಟ್ಟಲಿಗೆ ಚಹಾ ಬಗ್ಗಿಸಿದಳು. 'ಕುಡಿ, ತಣ್ಣಗಾಗುತ್ತೆ.'

ಚೋಲ್ಪೋನ್ ಹೊರಡುವಾಗ ನನ್ನ ಕೈ ಹಿಡಿದು, 'ನೀನಾದ್ರೂ ಅಮ್ಮನಿಗೆ ಹೇಳೇ' ಅಂದಳು. ತಲೆಯಾಡಿಸಿದೆ. ಹೇಳಬೇಕಾದ ಮಾತು ಬೇರೆಯೇ ಇತ್ತು.

ಏಪ್ರಿಲ್ 25

ಹಸು ಈದಿತು. ಕರು ಬದುಕಲಿಲ್ಲ.

ಮೇ 13

ಬಿಷ್ಕೆಕ್. ಚೋಲ್ಪೋನಳ ಮನೆ, ಐದನೆಯ ಮಹಡಿ. ವ್ಯಾನಿನಲ್ಲಿ ದೊಲೋನ್ ಘಟ್ಟ ದಾಟುವಾಗ ಅಪಾ ಕಣ್ಣು ಮುಚ್ಚಿ ಪ್ರಾರ್ಥಿಸಿ ಎರಡೂ ಅಂಗೈಯಿಂದ ಮುಖ ಸವರಿಕೊಂಡಳು. ನಾನು ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಎಲ್ಲೆಲ್ಲೂ ಹುಲ್ಲು ಚಿಗುರಿದೆ, ಒಂದು ಗುರುತೂ ಇಲ್ಲ.

ಮಧ್ಯಾಹ್ನವೆಲ್ಲ ಚೋಲ್ಪೋನ್ ಅಪಾಗೆ ಪಾಠ ಮಾಡಿದಳು. 'ನಾನೇ ಕಟ್ಟಿದ್ದು. ಅಷ್ಟೇ ಎಜೆ, ಎರಡು ಮಾತು.' ಅಪಾ 'ನಾನೇ' ಅನ್ನುತ್ತಾಳೆ, ಮುಂದಿನದಕ್ಕೆ ಶಾಲಿನ ತುದಿ ಬಾಯಿಗೆ ಬರುತ್ತದೆ. ಕೊನೆಗೆ ಇಬ್ಬರಿಗೂ ನಗು ಬಂತು. ಜನವರಿಯ ನಂತರ ಅಪಾ ನಕ್ಕದ್ದು ಇದೇ ಮೊದಲು.

ನಾನು ಹಾಡನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಜೀನು ಅಂದರೆ ಲಾರಿಯ ಕುರಿಚರ್ಮ ಎಂದು ಕೆಳಗೆ ಬರೆದಿದ್ದೇನೆ. ಹಿಂದಿನ ಕಾಲದವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲವಲ್ಲ. ಅಪಾ ಹೇಳದಿದ್ದರೆ ನಾನು ಎದ್ದು ಹೇಳುತ್ತೇನೆ.

ಮೇ 14

ಹೇಳಲಿಲ್ಲ.

ಉದ್ದನೆಯ ಕೋಣೆ, ಎಲ್ಲರ ಮುಂದೆಯೂ ಪುಟ್ಟ ಪುಟ್ಟ ನೀರಿನ ಬಾಟಲಿ. ಸಂಸದರು ಫೋನು ನೋಡುತ್ತಿದ್ದರು. ಕಂಪನಿಯ ವಕೀಲ ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿ, ಹೊರದೇಶದವರು ನಮ್ಮ ಹಾಡು ಕದ್ದು ಎಷ್ಟು ಗಳಿಸುತ್ತಾರೆ ಅಂತ ಹೇಳಿದ. ಗ್ರಂಥಾಲಯದ ಹೆಂಗಸು ಮಾತಾಡುವಾಗ ಇಬ್ಬರು ಎದ್ದು ಚಹಾಕ್ಕೆ ಹೋದರು. ಚೋಲ್ಪೋನ್ ಚೆನ್ನಾಗಿ ಮಾತಾಡಿದಳು, ಆದರೆ ಬೇಗ ಬೇಗ.

ಆಮೇಲೆ ಅಪಾಳ ಸರದಿ. ಸಮಿತಿಯ ಅಧ್ಯಕ್ಷ ಒಳ್ಳೆಯ ಮನುಷ್ಯನ ಹಾಗೆಯೇ ಇದ್ದ. ತಾನೇ ಎದ್ದು ಬಂದು ಅಪಾಗೆ ಕುರ್ಚಿ ಸರಿಮಾಡಿದ, ಲೋಟಕ್ಕೆ ನೀರು ಹಾಕಿದ, ಮಗನ ಹೆಸರು ಕೇಳಿ ಅಂಗೈಯಿಂದ ಮುಖ ಸವರಿಕೊಂಡ. ಹಾಡನ್ನು ಹಾಕಿ ಅಂದ. ಆ ಕೋಣೆಯಲ್ಲಿ ಅಪಾಳ ಧ್ವನಿ ಬಂತು, ಢಬಢಬ ಇಲ್ಲದೆ. ಒಬ್ಬ ಸಂಸದ ಫೋನು ಕೆಳಗಿಟ್ಟ. ನನಗೆ ಒಂದು ಕ್ಷಣ ಎಲ್ಲ ಸರಿಹೋಗುತ್ತದೆ ಅನ್ನಿಸಿತು.

'ತಾಯೀ' ಅಂದ ಅಧ್ಯಕ್ಷ, 'ಈ ಹಾಡು ನಿಮ್ಮದಾ?'

ಅಪಾ ಎದ್ದು ನಿಂತಳು. ಶಾಲು ಸರಿಮಾಡಿಕೊಂಡಳು. ತಿರುಗಿ ನನ್ನನ್ನು ನೋಡಿದಳು. ತುಂಬ ಹೊತ್ತು ನೋಡಿದಳು.

'ಅಯ್ಯೋ, ದೇವರು ಕ್ಷಮಿಸಲಿ, ನಂದಲ್ಲಪ್ಪ' ಅಂದಳು. 'ಅಳುಹಾಡು ಯಾರದ್ದಾದ್ರೂ ಆಗುತ್ತಾ? ಹಿಂದಿನೋರು ಬಿಟ್ಟುಹೋಗಿದ್ದು. ನನ್ನ ಬಾಯಲ್ಲಿ ಹಾದುಹೋಯ್ತು, ಅಷ್ಟೇ.'

ಎಲ್ಲರೂ ಚಪ್ಪಾಳೆ ತಟ್ಟಿದರು. ಕಂಪನಿಯ ವಕೀಲನೂ ತಟ್ಟಿದ.

'ಕೇಳಿದ್ರಾ?' ಅಂದ ಅಧ್ಯಕ್ಷ, ಕಣ್ಣು ಒದ್ದೆಯಾಗಿತ್ತು. 'ನಮ್ಮ ಜನ ಅಂದ್ರೆ ಇದು! ಯಾರದ್ದೂ ಅಲ್ಲ ಅಂತ ಅವರೇ ಹೇಳ್ತಿದ್ದಾರೆ. ಯಾರದ್ದೂ ಅಲ್ಲದ್ದನ್ನ ಯಾರಾದ್ರೂ ಕಾಯ್ಬೇಕಲ್ವಾ? ಆ ಸಾಲು ಇರೋದು ಅದಕ್ಕೇ.'

ನಾನು ಎರಡು ಕುರ್ಚಿ ಆಚೆಗಿದ್ದೆ. ಹಾಳೆ ಕೈಯಲ್ಲಿತ್ತು. ಎದ್ದು ನಿಂತರೆ ಸೊಂಟ ವಾಲುವುದು ಎಲ್ಲರಿಗೂ ಕಾಣುತ್ತದೆ ಅಂತ ಯೋಚಿಸಿದೆ. ಅದನ್ನೇ ಯೋಚಿಸಿದೆ. ಬೇರೇನೂ ಅಲ್ಲ.

ಮೆಟ್ಟಿಲ ಮೇಲೆ ಚೋಲ್ಪೋನ್ ಬ್ಯಾಗಿನಲ್ಲಿ ಏನೋ ಹುಡುಕುತ್ತಲೇ ಇದ್ದಳು. ಅಪಾ ಅವಳ ತೋಳು ಮುಟ್ಟಿದಳು.

'ಬೈಯಮ್ಮ, ಬೈದುಬಿಡು. ನಂಗಿನ್ನು ಉಳಿದಿರೋದು ಇದೊಂದೇ ಮಗು.'

ಮೇ 27

ಇನ್ನೊಂದು ದಾರಿ ಇದೆ ಅಂತ ಚೋಲ್ಪೋನ್ ಫೋನು ಮಾಡಿದಳು. ಆಗ ಅವಳಿಗೆ ಎಲ್ಲವನ್ನೂ ಹೇಳಿದೆ. 'ಎರಡು ಕುರ್ಚಿ ಆಚೆಗಿದ್ಯಲ್ಲೇ' ಅಂದಳು. ಆಮೇಲೆ, 'ಇರಲಿ' ಅಂದಳು. ಕಟ್ಟಿದವಳು ನಾನೇ ಎಂದು ಅರ್ಜಿ ಹಾಕಬಹುದು. ನನಗೆ ಹಾಡು ಕಟ್ಟುವ ಅಭ್ಯಾಸವಿದೆ ಎಂದು ಇಬ್ಬರು ಸಾಕ್ಷಿ ಹೇಳಬೇಕು.

ಅಪಾಗೆ ಹೇಳಿದೆ. ಉಣ್ಣೆ ಬಿಡಿಸುತ್ತಿದ್ದವಳು ನಿಲ್ಲಿಸಿದಳು.

'ನನ್ನ ಅಳೂನ ನಿನ್ನ ಹೆಸರಿಗೆ ಬರೆಸ್ಕೋತೀಯಾ?'

'ಅಣ್ಣನ ಧ್ವನಿ ವಾಪಸ್ ಬರುತ್ತೆ ಅಪಾ.'

'ಹಾಗಾದ್ರೆ ನಾನಲ್ಲಿ ಮೂರು ದಿನ ಕೂತು ಏನ್ ಮಾಡ್ದೆ? ನೀ ಬರೆದಿದ್ದನ್ನ ಓದಿದ್ನಾ?'

'ಮಾತು ನಂದೇ ತಾನೆ?'

ಇದನ್ನು ನಾನು ಜೋರಾಗಿ ಅಂದೆ. ಮನೆಯಲ್ಲಿ ಜೋರಾಗಿ ಮಾತಾಡಿದ್ದು ಇದೇ ಮೊದಲೇನೋ. ಅಪಾ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಕೈ ಉಣ್ಣೆಯ ವಾಸನೆ ಹೊಡೆಯುತ್ತಿತ್ತು. 'ಅನ್ಬೇಡ್ವೇ, ನಿನ್ನ ಕಾಲಿಗೆ ಬೀಳ್ತೀನಿ, ಅನ್ಬೇಡ.'

ಕೈ ಸರಿಸಿದೆ.

ಜೂನ್ 4

ಹನ್ನೊಂದು ಮನೆಗೂ ಹೋದೆ. ಮೂರು ದಿನ ಹಿಡಿಯಿತು. ಸೊಂಟ ನೋಯುತ್ತಿದೆ.

ಒಬ್ಬರು ಜಾನುವಾರುಗಳನ್ನು ಬೆಟ್ಟದ ಮೇವಿಗೆ ಹೊಡೆದುಕೊಂಡು ಹೋಗಿದ್ದರು. ಒಬ್ಬರು ಚಹಾ ಕೊಟ್ಟು, ವಿಷಯ ಎತ್ತಿದ ಕೂಡಲೇ ಕಿವಿ ಕೇಳದವರಾದರು. ಒಬ್ಬರು ನಕ್ಕರು: 'ನೀನು ನಂಗೆ ಮಾತು ಕೊಟ್ಯಾ? ಯಾವಾಗಮ್ಮ? ಕನಸಲ್ಲಾ?' ಅವರ ಮನೆಯ ತುಂಡು ನೀಲಿ ಮಖಮಲ್ಲು, ನನ್ನ ಕೌದಿಯ ನಡುವೆಯೇ ಇದೆ.

ಸೂಯುಮ್ಕಾನ್ ಎಜೆ ಅಂಗಳದಲ್ಲಿ ಹುಳಿಮೊಸರಿನ ಉಂಡೆ ಒಣಗಿಸುತ್ತಿದ್ದರು. ಮೂರು ವರ್ಷದ ಹಿಂದೆ ಗಂಡ ಸತ್ತಾಗ ಅವರಿಗೆ ಇಪ್ಪತ್ತು ಸಾಲು ಕೊಟ್ಟಿದ್ದೆ. ನನ್ನ ಮಾತನ್ನು ಕೊನೆಯವರೆಗೂ ಕೇಳಿದರು.

'ಅವತ್ತು ಕುಂಟ್ಕೊಂಡು ಬಂದು ಕೊಟ್ಟೆ. ಇವತ್ತು ಕುಂಟ್ಕೊಂಡು ಬಂದು ವಾಪಸ್ ಕೇಳ್ತಿದ್ದೀಯಲ್ಲೇ ಹುಡುಗಿ.'

'ವಾಪಸ್ ಅಲ್ಲ ಎಜೆ. ಬರೀ ಒಂದು ಸಹಿ.'

'ಅದೇ ವಾಪಸ್ಸು. ನಾನು ಸಹಿ ಹಾಕಿದ್ರೆ ನನ್ನ ಗಂಡನಿಗೆ ಅತ್ತೋಳು ನೀನಾಗ್ತೀಯ.' ಒಂದು ಹಿಡಿ ಉಂಡೆಗಳನ್ನು ನನ್ನ ಜೇಬಿಗೆ ಹಾಕಿದರು. 'ಹೋಗು. ಅಮ್ಮನ್ನ ನೋಡ್ಕೋ.'

ದಾರಿಯಲ್ಲಿ ಒಂದೊಂದಾಗಿ ತಿಂದೆ. ತುಂಬ ಉಪ್ಪು.

ಜೂನ್ 11

ಸಾಕ್ಷಿಯಿಲ್ಲದೆ ಹಾಕಿದ ಅರ್ಜಿ ತಿರುಗಿ ಬಂತು. ಕಾರಣ: ಹಾಡಿದವರೇ ಸಮಿತಿಯ ಮುಂದೆ ಇದು ಯಾರದ್ದೂ ಅಲ್ಲ ಎಂದು ಹೇಳಿದ್ದಾರೆ. ಅಪಾಳ ಮಾತನ್ನು ಅಕ್ಷರಕ್ಕೆ ಅಕ್ಷರ ಅಚ್ಚು ಹಾಕಿದ್ದಾರೆ, 'ಅಯ್ಯೋ' ಕೂಡ.

ಜೂನ್ 19

ಬೆಳಗ್ಗೆಯಿಂದ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಅಪಾ ಬಂದು ಪಕ್ಕದಲ್ಲಿ ಕೂತಳು. ಮಧ್ಯಾಹ್ನದವರೆಗೂ 'ಮುಚ್ಚಲಾಗಿದೆ' ಅಂತ ಇತ್ತು. ಆಮೇಲೆ ಒತ್ತಿದಾಗ 'ಇಂಥ ಪುಟ ಇಲ್ಲ' ಅಂತ ಬಂತು.

'ಇಲ್ಲ ಅಂದ್ರೆ?' ಅಂದಳು ಅಪಾ. 'ಇತ್ತಲ್ಲ?'

ಜೂನ್ 20

ನರಿಯ ಬಣ್ಣ ನೆನಪಿದೆ. ಧ್ವನಿ ಎತ್ತರದ್ದೋ ತಗ್ಗಿನದೋ ಅಂತ ಈಗಾಗಲೇ ಅನುಮಾನ.

ಜುಲೈ 10

ಹೊಸ ಕಾನೂನು ಪಾಸಾಯಿತು, ಆ ಸಾಲಿನ ಸಮೇತ. ಚೋಲ್ಪೋನ್ ಬೇರೆ ಕೆಲಸ ಹುಡುಕುತ್ತಿದ್ದಾಳಂತೆ. ಹೊರಡುವ ಮುಂಚೆ ನನಗೆ ಹಾಡು ನೋಂದಾಯಿಸುವ ಒಂದು ಕಟ್ಟು ನಮೂನೆಗಳನ್ನು ಕಳಿಸಿದ್ದಾಳೆ. 'ಮಿಕ್ಕಿದ್ದನ್ನಾದರೂ ಉಳಿಸಿಕೋ. ಅವರು ಬರುವ ಮುಂಚೆ ನೀನೇ ಬರೆಸು. ಇನ್ನು ಬರೆಸಿದವರದೇ ಹಾಡು' ಅಂತ ಚೀಟಿ ಇಟ್ಟಿದ್ದಾಳೆ. ಮನಸ್ಸಿಲ್ಲದೆ ಬರೆದ ಹಾಗಿತ್ತು ಅಕ್ಷರ. ಆದರೆ ಮಾತು ಸರಿಯಾಗಿದೆ.

ಕೌದಿಯನ್ನು ಹರವಿಕೊಂಡು ಕೂತೆ. ಒಂದೊಂದು ತುಂಡು ಮುಟ್ಟಿದರೂ ಆ ಮನೆಯ ಸಾಲುಗಳು ಬರುತ್ತವೆ. ಹನ್ನೊಂದೂ ಬಂದವು. ಮರೆತಿದ್ದೇನೆ ಅಂದುಕೊಂಡಿದ್ದೆ.

ಜುಲೈ 29

ನಾನು ಬರೆಸಿದ ಹನ್ನೊಂದು ಹಾಡುಗಳ ಪ್ರಮಾಣಪತ್ರಗಳು ಬಂದವು. ದಪ್ಪ ಕಾಗದ, ಮೊಹರು ಕೈಗೆ ತಗಲುತ್ತದೆ. ಹನ್ನೊಂದರಲ್ಲೂ ನನ್ನ ಪೂರ್ತಿ ಹೆಸರು, ಕೆನ್ಜೆಗುಲ್ ತುರ್ದುಮಾಮತ್ ಕೈಝಿ. ಆಸ್ಪತ್ರೆಯ ಚೀಟಿ ಬಿಟ್ಟರೆ ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಿದ್ದು ಇದೇ ಮೊದಲು. ಪೆಟ್ಟಿಗೆಯಲ್ಲಿ ಜಾಗ ಬೇಕಿತ್ತು, ಕೌದಿಯನ್ನು ತೆಗೆದು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ.

ಈ ಪುಸ್ತಕದಲ್ಲೂ ಇನ್ನು ಪ್ರತಿ ಪುಟದ ಕೆಳಗೆ ಹೆಸರು ಬರೆಯುವುದು ಒಳ್ಳೆಯದು.

ಆಗಸ್ಟ್ 15

ನೀಲಿ ಮಖಮಲ್ಲಿನ ಮನೆಯ ಸೊಸೆ ತನ್ನ ಅತ್ತೆ ಹಾಡಿದ ಹಳೆಯ ವಿಡಿಯೋ ಒಂದನ್ನು ಹಾಕಿದ್ದಳು. ನನ್ನನ್ನು ಕೇಳಲೂ ಇಲ್ಲ. ದೂರು ಬರೆದೆ. ಒಂದು ಗಂಟೆಯಲ್ಲಿ ತೆಗೆದರು. ಬೇಗ ಕೆಲಸ ಮಾಡುತ್ತಾರೆ.

ಸಂಜೆ ಆ ಮನೆಯವರು ನಮ್ಮ ಬಾಗಿಲ ತನಕ ಬಂದು ಅಪಾಳ ಜೊತೆ ಏನೋ ಮಾತಾಡಿದರು. ನನ್ನನ್ನು ಕರೆಯಲಿಲ್ಲ. ಅಪಾ ಒಳಗೆ ಬಂದು ಒಲೆಗೆ ಬೆರಣಿ ತುಂಬುತ್ತಲೇ ಇದ್ದಳು, ಸೆಕೆಯಾಗುತ್ತಿದ್ದರೂ.

ಆಗಸ್ಟ್ 29

ಸೂಯುಮ್ಕಾನ್ ಎಜೆಯ ಮಗಳು ನಿನ್ನೆ ಹೆರಿಗೆಯಲ್ಲಿ ತೀರಿಕೊಂಡಳು. ಅವರ ಅಂಗಳದಲ್ಲಿ ಗುಡಾರ ಏಳುತ್ತಿರುವುದು ನಮ್ಮ ಕಿಟಕಿಗೆ ಕಾಣುತ್ತದೆ.

ಇವತ್ತು ಬೆಳಗ್ಗೆ ಬಿಸಿಲೇರುವ ಮುಂಚೆ ಎಜೆ ತಾವೇ ಬಂದರು. ಶವವಿರುವ ಮನೆಯಿಂದ ತಾಯಿಯೇ ಎದ್ದು ಬರುವ ಪದ್ಧತಿ ಇಲ್ಲ. ನನ್ನ ಬಳಿ ಬರಲು ಬೇರೆ ಯಾರೂ ಒಪ್ಪಿರಲಿಕ್ಕಿಲ್ಲ. ಬಾಗಿಲಲ್ಲೇ ನಿಂತರು. ಮುಷ್ಟಿಯಲ್ಲಿ ಹಳದಿ ಬಟ್ಟೆಯ ತುಂಡೊಂದು ಮುದುಡಿತ್ತು.

'ಬಾಯಿ ತೆಗೆದ್ರೆ ಏನೂ ಬರ್ತಿಲ್ಲ ಕೆನ್ಜೆ' ಅಂದರು. 'ಎರಡು ಸಾಲು ಕೊಡೇ. ಎರಡೇ ಸಾಲು.'

ಮಾತಿನ ಹಕ್ಕು ನನ್ನದೆಂದು ಒಪ್ಪುವ ನಮೂನೆ ತೆಗೆದು ಮೇಜಿನ ಮೇಲಿಟ್ಟು ಎಲ್ಲಿ ಸಹಿ ಮಾಡಬೇಕೆಂದು ತೋರಿಸಿದೆ. ಅಪಾ ಹಾಲಿನ ಬಕೆಟ್ಟನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು. ಎಜೆ ಕಾಗದವನ್ನು ಓದಲಿಲ್ಲ. ಬರೆದ ಹೆಸರು ಗೆರೆಯಿಂದ ಕೆಳಗೆ ಇಳಿದುಹೋಯಿತು. ಪರವಾಗಿಲ್ಲ, ಸಾಕಾಗುತ್ತದೆ.

ಆಮೇಲೆ ನಾಲ್ಕು ಸಾಲು ಕೊಟ್ಟೆ. ಒಳ್ಳೆಯ ಸಾಲುಗಳು. ಹಳದಿ ತುಂಡು ಬೇಡವೆಂದು ಅವರ ಕೈಗೇ ವಾಪಸ್ ಇಟ್ಟೆ.

ಶಾಯಿ ಹಸಿಯಿತ್ತು. ಕಾಗದವನ್ನು ಒಣಗಲೆಂದು ಕಿಟಕಿಯಲ್ಲಿಟ್ಟು, ಗಾಳಿಗೆ ಹಾರದಿರಲಿ ಅಂತ ಅದರ ಮೇಲೆ ಎರ್ನಾಝಾರ್ ಅಣ್ಣನ ಫೋನನ್ನು ಇಟ್ಟೆ.